ಒಂದು ರೊಟ್ಟಿಗೆ ಕೊಂಡ ಕೂಸು

ನಮ್ಮ ಓಣಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಗೋಧಿ ಬೀಸುವ ಹೊತ್ತಾದರೆ ಅದರ ಮುಂದೆ ನಿಂತು ನಾಲ್ಕು ಮಾತಾಡಿಯೇ ಮುಂದೆ ಹೋಗುತ್ತೇನೆ. ಜೋಳ ಬೀಸುತ್ತಿದ್ದರೆ ಮಾತ್ರ, ಆ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ತಾಗಿದ ಕೂಡಲೇ ಹೆಜ್ಜೆ ಬೇಗ ಹಾಕುತ್ತೇನೆ. ಅಕ್ಕಲಕೋಟೆಯಲ್ಲಿ ಹುಟ್ಟಿ, ಜೋಳದ ರೊಟ್ಟಿ ತಿಂದೇ ಬೆಳೆದವಳು ಹೀಗೆ ಓಡುವುದು ಗಿರಣಿಯವನಿಗೆ ಸೋಜಿಗ. ಮೊನ್ನೆಯೂ ಕೇಳಿದ: "ಅಕ್ಕಾರ, ಬರೇ ಗೋಧಿ ತರ್ತೀರಿ. ಜ್ವಾಳ ಮುಟ್ಟಂಗಿಲ್ಲಂತ ಹರಕಿ ಹೊತ್ತೀರೇನ್ರಿ?"

"ಹಲ್ಲು ಸುಮಾರ ಆಗ್ಯಾವಪ್ಪ" ಎಂದೆ. ಅದು ಸುಳ್ಳು. ನನ್ನ ಹಲ್ಲು ಗಟ್ಟಿಯಾಗಿವೆ, ಯಾರದಾದರೂ ಮನೆಯಲ್ಲಿ ಬಡಿಸಿದರೆ ಕಡಕ್ ರೊಟ್ಟಿಯನ್ನೂ ಮುರಿದು ತಿನ್ನುತ್ತೇನೆ. ನನ್ನ ಮನೆಯಲ್ಲಿ ಮಾತ್ರ ಜೋಳ ತರುವುದಿಲ್ಲ. ಇದು ಒಂದು ವರ್ಷದ ಮಾತು, ಆ ಒಂದು ಮಳೆಗಾಲದ ಮಾತು. ಗಿರಣಿಯ ಕಟ್ಟೆಯ ಮೇಲೆ ನಿಂತು ಹೇಳುವಂಥದ್ದಲ್ಲ.

ಆಗ ನಾನು ಸೊಲ್ಲಾಪುರದ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸು ಹಿಡಿದು ಹೋಗಿ ಸಂಜೆ ಅದೇ ಎಸ್.ಟಿ.ಯಲ್ಲಿ ಮರಳುವುದು. ನನ್ನ ಕೆಲಸಕ್ಕೆ ಕೋಡಿಂಗ್ ಎನ್ನುತ್ತಾರೆ. ಡಾಕ್ಟರು ಕಾಗದದಲ್ಲಿ ಬರೆದ ರೋಗದ ಹೆಸರನ್ನು ಓದಿ, ಲೋಕವೆಲ್ಲ ಒಪ್ಪಿಕೊಂಡ ಒಂದು ದಪ್ಪ ಪುಸ್ತಕದಲ್ಲಿ ಅದರ ನಂಬರು ಹುಡುಕಿ ಫೈಲಿಗೆ ಹಾಕುವುದು. ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಆಗಬೇಕಾದರೆ ಮೊದಲು ನೋಡುವುದು ಆ ನಂಬರನ್ನೇ. ಆ ಪುಸ್ತಕದಲ್ಲಿ ಮೊಸಳೆ ಕಚ್ಚಿದ್ದಕ್ಕೂ ನಂಬರಿದೆ. ಬೇಸಿಗೆಯಲ್ಲಿ ಕುಡಿಯಲು ನೀರು ಕಾಯುವ ನಮ್ಮ ಊರಿಗೆ ಮೊಸಳೆ ಎಲ್ಲಿಂದ ಬರಬೇಕು ಎಂದು ನಾನೊಬ್ಬಳೇ ಕುಳಿತು ನಕ್ಕಿದ್ದುಂಟು. ಒಂಟಿಯಾಗಿ ಬದುಕುವುದಕ್ಕೂ ಅದರಲ್ಲಿ ಒಂದು ನಂಬರಿದೆ: ಝಡ್ ಅರವತ್ತು ಪಾಯಿಂಟ್ ಎರಡು. ಅದನ್ನು ಡಾಕ್ಟರು ಬರೆದರೆ ಮಾತ್ರ ಹಾಕಬೇಕು. ಅಷ್ಟು ವರ್ಷಗಳ ಕೆಲಸದಲ್ಲಿ ಒಬ್ಬ ಡಾಕ್ಟರೂ ಬರೆದದ್ದು ಕಾಣಲಿಲ್ಲ.

ಆ ವರ್ಷದ ಯುಗಾದಿಗೆ ಮುಂಚೆ ನನ್ನ ಅವ್ವ ತೀರಿಕೊಂಡಿದ್ದಳು. ಮದುವೆಯೆಂಬುದು ನನಗೆ ಒದಗಲಿಲ್ಲ, ಒಂದು ವಯಸ್ಸಿನ ಮೇಲೆ ನಾನೂ ಬೇಡವೆಂದೆ. ಅವ್ವ ಇದ್ದಷ್ಟು ದಿನ ಮನೆಯಲ್ಲಿ ಜಗಳಕ್ಕಾದರೂ ಒಬ್ಬರಿದ್ದರು. ಅವಳು ಹೋದ ಮೇಲೆ ನಾನು ಮೂರು ರೊಟ್ಟಿಯ ಹಿಟ್ಟು ನಾದುವುದನ್ನು ಕಲಿಯಬೇಕಾಯಿತು. ಒಂದು ಬೆಳಿಗ್ಗೆಗೆ, ಎರಡು ಡಬ್ಬಿಗೆ. ಸಂಜೆಗೆ ಏನಾದರೂ ಆಗುತ್ತಿತ್ತು. ಎಸ್.ಟಿ.ಯ ಕಿಟಕಿ ಪಕ್ಕ ಕುಳಿತು ಆ ಝಡ್ ಅರವತ್ತನ್ನು ನನಗೆ ನಾನೇ ಎಷ್ಟೋ ಸಲ ಹಾಕಿಕೊಂಡಿದ್ದೇನೆ.

ನನ್ನ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ರೋಗಿಗಳನ್ನು ನಾನು ನೋಡುವ ಪ್ರಸಂಗವೇ ಬರುತ್ತಿರಲಿಲ್ಲ, ಶನಿವಾರವೊಂದನ್ನು ಬಿಟ್ಟು. ಮಕ್ಕಳ ಹೃದಯದ ಡಾಕ್ಟರು ಪುಣೆಯಿಂದ ಶನಿವಾರಕ್ಕೊಮ್ಮೆ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಮರಾಠಿ ತಿಳಿದರೂ ಡಾಕ್ಟರ ಮುಂದೆ ಬಾಯಿ ಕಟ್ಟಿಬಿಡುತ್ತಿತ್ತು. ಆಗ ಮೇಲಿಂದ ನನಗೆ ಕರೆ ಬರುತ್ತಿತ್ತು. ನಾನು ಏಳನೇ ಇಯತ್ತೆಯವರೆಗೆ ಕನ್ನಡ ಸಾಲಿಯಲ್ಲಿ ಕಲಿತವಳು. ಇಡೀ ಆಸ್ಪತ್ರೆಯಲ್ಲಿ ಆ ಗುಣ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಆಷಾಢದ ಒಂದು ಶನಿವಾರ ಹಾಗೆ ಕರೆ ಬಂತು. ಮಳೆಯ ಸುಳಿವಿರಲಿಲ್ಲ, ಗಾಳಿ ಮಾತ್ರ ಒಂದೇ ಸಮನೆ ಧೂಳು ಎಬ್ಬಿಸುತ್ತಿತ್ತು. ಡಾಕ್ಟರ ಮುಂದೆ ಭಂಡಾರಕವಠೆಯ ಇಬ್ಬರು ಹೆಂಗಸರು. ದೊಡ್ಡವಳು ಗೌರಾಬಾಯಿ, ನಾಲ್ವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನಾಲ್ಕು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅವಳ ತಮ್ಮನ ಹೆಂಡತಿ ಮಹಾದೇವಿ ಹಿಂದೆ ಗೋಡೆಗೆ ಆತು ನಿಂತಿದ್ದಳು. ಕೂಸು ಬಹಳ ಸಣ್ಣದು, ಮುಖದ ತುಂಬ ಕಣ್ಣೇ.

ಡಾಕ್ಟರು ಎದೆಯ ಪರೀಕ್ಷೆ ಮುಗಿಸಿ ನನಗೆ ಹೇಳಿದರು, ನಾನು ಅವರಿಗೆ ಹೇಳಿದೆ. "ಎದಿ ಒಳಗ ನಾಕು ಖೋಲಿ ಅದಾವಂತ ತಿಳೀರಿ. ಕೆಳಗಿನ ಎರಡು ಖೋಲಿ ನಡುವಿನ ಗೋಡಿ ಪೂರಾ ಆಗಿಲ್ಲ, ಅಲ್ಲಿ ತೂತು ಉಳದದ. ಮೈಗೆ ಹೋಗಬೇಕಾದ ರಕ್ತ ತಿರಿಗಿ ಪುಪ್ಪುಸಕ್ಕ ನುಗ್ಗಾಕತ್ತದ. ಅದಕ್ಕ ಕೂಸಿಗೆ ಹಾಲು ಕುಡಿಯೂದು ಅಂದ್ರ ದಿಬ್ಬ ಹತ್ತಿದಂಗ ಆಗ್ತದ. ಆಪರೇಷನ್ ಮಾಡಿ ಮುಚ್ಚಬೇಕು, ಪುಣೇದಾಗ."

ಡಾಕ್ಟರು ಕೇಳಿದರು: "ಆಧೀಚಂ ಮೂಲ ಗೇಲಂಯ ಕಾ, ವಿಚಾರಾ." ಮೊದಲು ಹುಟ್ಟಿದ ಮಕ್ಕಳು ತೀರಿಕೊಂಡದ್ದಿದೆಯೇ ಎಂದು ಕೇಳಲು ಹೇಳಿದರು. ಕೇಳಿದೆ.

"ಇಲ್ರಿ. ನಾನ ತಾಯಿ. ನನಗ ಮೂರು ಮಕ್ಕಳು ಅದಾವ, ಎಲ್ಲಾ ಕಲ್ಲಿನಂಗ ಗಟ್ಟಿ ಅದಾವ" ಎಂದಳು ಗೌರಾಬಾಯಿ.

ಹಿಂದೆ ನಿಂತ ಮಹಾದೇವಿ ನೆಲ ನೋಡುತ್ತಿದ್ದಳು. ಡಾಕ್ಟರು ಬರೆದುಕೊಂಡರು. ನಾನು ಕೆಳಗಿಳಿದು ಬರುವಾಗ ಮೆಟ್ಟಿಲ ಸಂದಿಯಲ್ಲಿ ಮಹಾದೇವಿ ಸೆರಗು ಮರೆ ಮಾಡಿಕೊಂಡು ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸು ನಾಲ್ಕು ಗುಟುಕು ಕುಡಿದು ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಬಾಯಿ ಹಾಕುತ್ತಿತ್ತು. ಅದರ ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿದ್ದವು. ಮಹಾದೇವಿ ಅದನ್ನು ಬೆರಳ ತುದಿಯಿಂದ ಒರೆಸುತ್ತಿದ್ದಳು.

ನನಗೆ ಅಲ್ಲೇ ತಿಳಿಯಿತು, ತಾಯಿ ಯಾರು ಎಂದು. ಫೈಲು ಕೈಗೆ ಬಂದಾಗ ಜನ್ಮದಾಖಲೆಯಲ್ಲಿ ತಾಯಿಯ ಹೆಸರು ಮಹಾದೇವಿ ಎಂದಿತ್ತು, ಅರ್ಜಿಯಲ್ಲಿ ಗೌರಾಬಾಯಿ ಎಂದಿತ್ತು. ಕಣ್ಣಿಗೆ ಕಂಡಿತು. ಆದರೆ ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಒಂದೇ: ಡಾಕ್ಟರು ಬರೆದದ್ದಕ್ಕೆ ಮಾತ್ರ ನಂಬರು ಹಾಕು, ನೀನು ನೋಡಿದ್ದಕ್ಕೆ ಕೇಳಿದ್ದಕ್ಕೆ ಹಾಕಬೇಡ. ತಾಯಿಯ ಹೆಸರು ನನ್ನ ಕಾಲಮ್ಮೂ ಅಲ್ಲ. ಕ್ಯೂ ಇಪ್ಪತ್ತೊಂದು ಪಾಯಿಂಟ್ ಸೊನ್ನೆ ಎಂದು ಹಾಕಿದೆ. ಕೆಳಗಿನ ಗೋಡೆಯ ತೂತಿಗೆ ಅದೇ ನಂಬರು. ಫೈಲು ಮುಂದೆ ತಳ್ಳಿದೆ. ಆ ತಳ್ಳಿದ್ದನ್ನು ನೆನೆದಾಗ ಈಗಲೂ ನನ್ನ ಕೈಯೇ ನನಗೆ ಸೇರದಂತಾಗುತ್ತದೆ.

ಹದಿನೈದು ದಿನಕ್ಕೆ ಫೈಲು ತಿರುಗಿ ಬಂತು. ತಾಯಿಯ ಹೆಸರು ತಾಳೆಯಾಗುವುದಿಲ್ಲ, ಮಂಜೂರಿ ಇಲ್ಲ. ಅಷ್ಟರಲ್ಲಿ ಕೂಸಿಗೆ ನ್ಯುಮೋನಿಯಾ ಆಗಿ ನಮ್ಮಲ್ಲಿಯೇ ಮೇಲಿನ ವಾರ್ಡಿಗೆ ಸೇರಿಸಿದ್ದರು. ತಿರುಗಿ ಬಂದ ಕಾಗದ ಹಿಡಿದು ನಾನೇ ಮೇಲೆ ಹೋದೆ. ಗೌರಾಬಾಯಿ ಹಳ್ಳಿಗೆ ಹೋಗಿದ್ದಳು. ಮಹಾದೇವಿ ಒಬ್ಬಳೇ ಮಂಚದ ಅಂಚಿನಲ್ಲಿ ಕುಳಿತಿದ್ದಳು.

"ನಿಮ್ಮ ಕೂಸು ಅಂತ ಹೇಳಾಕ ನಿಮಗೇನು ಧಾಡಿ?" ಎಂದು ಕೇಳಿಯೇಬಿಟ್ಟೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ಹದಿನೈದು ದಿವಸ ಹಾಳಾಗಿ ಹೋದುವು!"

ಅವಳು ಗಾಬರಿಯಾಗಿ ಕೂಸಿನ ಕಿವಿಯ ಮೇಲೆ ಕೈ ಮುಚ್ಚಿದಳು. "ಹಂಗ ಅನಬ್ಯಾಡ್ರಿ ಅಕ್ಕಾರ. ನಂದಲ್ರಿ ಅದು. ನಮ್ಮ ನಾದಿನಿಯಾರು ಕೊಂಡಾರ್ರಿ."

ಆಮೇಲೆ ತಡೆ ತಡೆದು ಎಲ್ಲ ಹೇಳಿದಳು. ಇದಕ್ಕೂ ಮೊದಲು ಎರಡು ಕೂಸು ಹೋಗಿದ್ದವು. "ಮೊದಲನೇದು ಮೂರು ತಿಂಗಳಿಂದು, ಎರಡನೇದು ಐದು ತಿಂಗಳಿಂದು. ಅವಕ್ಕೂ ಹಿಂಗ ಹಾಲು ಕುಡಿಯೂ ಮುಂದ ಹಣಿ ಬೆವರತಿತ್ತು. ದೃಷ್ಟಿ ಆಗ್ಯಾದಂತ ತಗದೀವ್ರಿ, ನಿವಾಳಿಸೀವಿ. ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತು." ಈ ಕೂಸು ಹುಟ್ಟಿದ ಐದನೇ ದಿನ ಹಿರಿಯರು ಒಂದು ಮಾತು ಆಡಿದರಂತೆ. ಅಂದು ಸಟವಿ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಬರೆಯುವ ಮುಂದೆ ತಾಯಿ ಯಾರೆಂದು ನೋಡುತ್ತಾಳೆ. ಮಹಾದೇವಿಯ ಹೆಸರು ಕಂಡರೆ ಮೊದಲಿನೆರಡಕ್ಕೆ ಬರೆದದ್ದನ್ನೇ ಬರೆದುಬಿಡುತ್ತಾಳೆ. ಅದಕ್ಕೇ ಕೂಸನ್ನು ಮೊರದಲ್ಲಿ ಹಾಕಿ, ಮಕ್ಕಳು ಗಟ್ಟಿಯಾಗಿ ಉಳಿದಿರುವ ನಾದಿನಿಗೆ ಒಂದು ಹಿಡಿ ತೌಡಿಗೆ ಮಾರಿದ್ದರು. ಗಂಡಾಂತರ ಕಳೆದ ಮೇಲೆ ತಿರುಗಿ ಕೊಳ್ಳುವುದು. ಅಲ್ಲಿಯವರೆಗೆ ಅದಕ್ಕೆ ಹೆಸರಿಡುವಂತಿಲ್ಲ, ಹೆತ್ತವಳು "ನನ್ನ ಮಗಳು" ಎನ್ನುವಂತಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಅವರ ಪಾಲಿಗೆ ಗೌರಾಬಾಯಿಯೇ ತಾಯಿ, ಅವಳ ಮಕ್ಕಳು ಗಟ್ಟಿಯೇ. ಆದರೆ ಡಾಕ್ಟರು ಕೇಳಿದ್ದು ಹೆತ್ತ ಹೊಟ್ಟೆಯ ವಿಷಯ. ಎರಡು ಮಕ್ಕಳು ಒಂದೇ ರೀತಿ ಹೋಗಿವೆ ಎಂದು ತಿಳಿದಿದ್ದರೆ ಅವರು ಆ ಎದೆಯನ್ನು ಎರಡು ಸಲ ನೋಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಇಷ್ಟು ವರ್ಷ ಫೈಲು ಓದಿದ್ದಕ್ಕೆ.

"ಮಹಾದೇವಿ, ಕಾಗದದಾಗ ನಿನ್ನ ಹೆಸರು ಬರೀಬೇಕವ್ವ. ಬರೀಲಿಲ್ಲ ಅಂದ್ರ ಆಪರೇಷನ್ ಇಲ್ಲ" ಎಂದೆ, ಈ ಸಲ ಮೆಲ್ಲಗೆ.

"ಅವರ ಹೆಸರು ಹೊಡದ್ರ ಕೂಸು ತಿರಿಗಿ ನನ್ನ ಕಡೆ ಬಂತಲ್ರಿ" ಎಂದಳು ಅವಳು. "ಬಂದ್ರ ಉಳಿಯಂಗಿಲ್ಲ. ಮುಂದಿನ ವಾರ ಐದು ತಿಂಗಳು ತುಂಬತಾವ."

ಆ ವಾರ್ಡಿನ ಕಿಟಕಿಯಿಂದ ಎಸ್.ಟಿ. ಸ್ಟ್ಯಾಂಡಿನ ಕಡೆಯ ರಸ್ತೆ ಕಾಣುತ್ತಿತ್ತು. ಮಹಾದೇವಿ ಅದನ್ನೇ ನೋಡುತ್ತ ಕೂಸಿನ ಬೆನ್ನು ತಟ್ಟುತ್ತಿದ್ದಳು. ಅವಳು ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಅಕ್ಕಾರ, ನಿಮಗ ಮಕ್ಕಳು?"

"ಇಲ್ಲವ್ವ."

"ಸತ್ತಾವೇನ್ರಿ?"

"ಇರಲೇ ಇಲ್ಲ. ಮದವೀನ ಆಗಿಲ್ಲ."

"ಹಂಗಾರ ನಿಮ್ಮ ಉಡಿ ಸ್ವಚ್ಛ ಅದ" ಎಂದಳು. ನನ್ನ ಇಡೀ ಜೀವಮಾನದಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಬೇರೆ ಏನೇನೋ ಅಂದಿದ್ದರು. "ನೀವು ಕೊಳ್ರಿ ಅಕ್ಕಾರ. ನೀವು ಕೊಂಡ್ರ ಕೂಸು ನಿಮ್ಮ ಉಡಿಯಾಗ ಉಳೀತದ, ಕಾಗದದಾಗ ಯಾರ ಹೆಸರರ ಬರೀರಿ. ನಾ ಹೆದರಂಗಿಲ್ಲ."

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಂಬದವಳಾದ್ದರಿಂದಲೇ ಕೂಡಲೇ ಒಪ್ಪಿದೆ ಎಂದು ಆಗ ಅಂದುಕೊಂಡೆ. ತಾಯಿಯೆಂದು ಅವಳ ಒಂದು ಸಹಿ ಬೇಕಾಗಿದೆ, ಇದರಿಂದ ಸಹಿ ಸಿಗುತ್ತದೆ, ಅಷ್ಟೇ. ಅವಳು ಫೋನಿನಲ್ಲಿ ಗೌರಾಬಾಯಿಯನ್ನು ಕೇಳಿದಳು. ಆ ಕಡೆಯಿಂದ "ಬಿಟ್ಟುಕೊಟ್ಟೀನಿ, ಬಿಟ್ಟುಕೊಟ್ಟೀನಿ, ಕೂಸು ಉಳೀಲಿ" ಎಂದು ಕೂಗಿ ಹೇಳಿದ್ದು ನನಗೂ ಕೇಳಿಸಿತು. ಈಗ ಬೆಲೆ ಕೊಡಬೇಕು. ತೌಡು ಎಲ್ಲಿ ತರುವುದು? ಕೆಳಗೆ ಹೋಗಿ ನನ್ನ ಊಟದ ಡಬ್ಬಿ ತಂದೆ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ರೊಟ್ಟಿ ಅವಳ ಕೈಗೆ ಕೊಟ್ಟೆ. ಅವಳು ಕೂಸನ್ನೆತ್ತಿ ನನ್ನ ಉಡಿಗೆ ಹಾಕಿದಳು.

ಆಮೇಲೆ ಆ ರೊಟ್ಟಿಯನ್ನು ಅಲ್ಲಿಯೇ ನಿಂತು ಒಣದನ್ನೇ ತಿಂದಳು, ಒಂದು ಚೂರೂ ಬಿಡದೆ. ಚಟ್ನಿ ಹಚ್ಚಿಕೋ ಎಂದರೂ ಕೇಳಲಿಲ್ಲ. "ಬೆಲಿ ತಿಂದು ಮುಗಸಬೇಕ್ರಿ. ಮುಗಸಿದ್ರನ ಯವಾರ ಮುಗೀತು. ಇಟ್ಟುಕೊಂಡ್ರ ಕೂಸು ಅಲ್ಲೂ ಇಲ್ಲ ಇಲ್ಲೂ ಇಲ್ಲ, ನಡುವ ಉಳೀತದ" ಎಂದಳು. ನನ್ನ ತೊಡೆಯ ಮೇಲೆ ಕೂಸು ಬೆಚ್ಚಗಿತ್ತು. ಅದರ ಪಕ್ಕೆಲುಬು ಉಸಿರಿಗೊಮ್ಮೆ ಒಳಗೆ ಎಳೆಯುತ್ತಿದ್ದದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು. ಆವರೆಗೆ ಕ್ಯೂ ಇಪ್ಪತ್ತೊಂದು ನನಗೆ ಪುಸ್ತಕದ ಒಂದು ಪುಟವಾಗಿತ್ತು.

ಆ ಶನಿವಾರ ಡಾಕ್ಟರಿಗೆ ಒಂದು ಪ್ರಶ್ನೆಯ ಚೀಟಿ ಬರೆದೆ. ಕೋಡಿಂಗ್ ಮಾಡುವವರಿಗೆ ಅಷ್ಟು ಹಕ್ಕಿದೆ: ಸಂಶಯ ಬಂದರೆ ಲಿಖಿತವಾಗಿ ಕೇಳಬಹುದು. ತಾಯಿ ಮಹಾದೇವಿ, ಮೊದಲಿನ ಎರಡು ಶಿಶುಗಳು ತೀರಿಕೊಂಡಿವೆ, ದಯವಿಟ್ಟು ಪರಿಶೀಲಿಸಿ. ಡಾಕ್ಟರು ಚೀಟಿ ಓದಿ ನನ್ನನ್ನು ಕರೆಸಿದರು. ಎರಡು ವಾರದ ಹಿಂದೆ ಯಾಕೆ ಹೇಳಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. "ನನ್ನ ಕಾಲಮ್ ಅಲ್ಲ" ಎಂದು ಹೇಳಹೊರಟವಳು, ಫೈಲು ತೆರೆದು ಜನ್ಮದಾಖಲೆಯ ಪುಟವನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ಮತ್ತೆ ಪರೀಕ್ಷೆ ಮಾಡಿದರು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿಯೂ ಒಂದು ತೂತು ಸಿಕ್ಕಿತು. ಮೊದಲ ಸಲ ಕೂಸು ಅಳುತ್ತಿದ್ದಾಗ ಅದು ಸರಿಯಾಗಿ ಕಂಡಿರಲಿಲ್ಲ. ಎರಡನ್ನೂ ಒಂದೇ ಆಪರೇಷನ್ನಿನಲ್ಲಿ ಮುಚ್ಚಬೇಕು ಎಂದು ಬರೆದರು. ನಾನು ಕೆಳಗೆ ಬಂದು ಮೊದಲಿನ ನಂಬರಿನ ಪಕ್ಕದಲ್ಲಿ ಇನ್ನೊಂದು ನಂಬರು ಸೇರಿಸಿದೆ, ಕ್ಯೂ ಇಪ್ಪತ್ತೊಂದು ಪಾಯಿಂಟ್ ಒಂದು. ಈ ಸಲ ಜನ್ಮದಾಖಲೆ, ಅರ್ಜಿ, ಆಧಾರ್ ಎಲ್ಲವನ್ನೂ ಸಾಲಾಗಿ ಇಟ್ಟು, ನನ್ನದಲ್ಲದ ಕಾಲಮ್ಮುಗಳನ್ನೂ ಬೆರಳಿಟ್ಟು ಓದಿದೆ.

ಮುಂದಿನ ವಾರ ಐದು ತಿಂಗಳು ತುಂಬಿತು. ಅಂದು ನಾನು ಕೆಲಸದ ನಡುವೆ ನಾಲ್ಕು ಸಲ ಮೇಲೆ ಹತ್ತಿ ಹೋಗಿ ನೋಡಿ ಬಂದೆ. ನಮ್ಮ ವಿಭಾಗದ ಮುಖ್ಯಸ್ಥರು "ಏನಮ್ಮ, ಮೊಣಕಾಲು ನೋವು ಅಂತಿದ್ದಿ?" ಎಂದು ಛೇಡಿಸಿದರು. ಕೂಸು ಆ ದಿನವನ್ನು ದಾಟಿತು. ಮಾರನೆಯ ದಿನವನ್ನೂ ದಾಟಿತು.

ನ್ಯುಮೋನಿಯಾ ಇಳಿದು ಕೂಸು ಹಳ್ಳಿಗೆ ಮರಳಿತು, ಮಂಜೂರಿಯೂ ಬಂತು. ಆದರೆ ತೂಕ ಸಾಲದು, ಇನ್ನಷ್ಟು ಏರಲಿ ಎಂದು ಪುಣೆಯವರು ದಸರೆಯ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ಪ್ರತಿ ಶನಿವಾರ ತೂಕ ನೋಡಲು ಕರೆತರಬೇಕು. ಆ ಶನಿವಾರಗಳೇ ನನ್ನ ಮಳೆಗಾಲ. ಮಹಾದೇವಿ ಭಂಡಾರಕವಠೆಯಿಂದ ಎಸ್.ಟಿ. ಹಿಡಿದು ಬರುತ್ತಿದ್ದಳು, ತೂಕದ ಮೊದಲು ನೆಲಮಾಳಿಗೆಗೆ ಇಳಿದು "ತಗೋರಿ ಅಕ್ಕಾರ, ನಿಮ್ಮ ಕೂಸು" ಎಂದು ಕೊಡುತ್ತಿದ್ದಳು. ಕೊಡುವಾಗ ನಗುತ್ತಿದ್ದಳು, ಆದರೆ ಚೇಷ್ಟೆಗೆ ಅಲ್ಲ. ತೂಕದ ತಟ್ಟೆಯಲ್ಲಿ ನಾನೇ ಇಡಬೇಕು. ಔಷಧದ ಹನಿ ನಾನೇ ಮೊದಲು ಹಾಕಬೇಕು. ಗಣಪತಿ ಹಬ್ಬದ ವಾರ ಕೂಸು ನನ್ನ ಕನ್ನಡಕ ಹಿಡಿದು ಎಳೆಯಿತು. ಅದನ್ನು ನಾನು ಎಸ್.ಟಿ.ಯಲ್ಲಿ ಪಕ್ಕ ಕುಳಿತ ಅಪರಿಚಿತ ಹೆಂಗಸಿಗೆ ಹೇಳಿದೆ. "ನಿಮ್ಮ ಮಮ್ಮಗಳೇನ್ರಿ?" ಎಂದಳು ಅವಳು. "ಹ್ಞೂಂ, ನಮ್ಮದ" ಎಂದೆ.

ಭಾದ್ರಪದದಲ್ಲಿ ಕೊನೆಗೂ ಮಳೆ ಹಿಡಿಯಿತು. ವಾರದ ಉಳಿದ ಆರು ದಿನ ನಾನು ಮೊದಲಿನಂತೆಯೇ ಒಬ್ಬಳೇ. ಮನೆಯ ಬೀಗ ತೆಗೆಯುವಾಗ ಒಳಗಿನ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಆದರೆ ಕ್ಯಾಲೆಂಡರಿನಲ್ಲಿ ಶನಿವಾರಗಳ ಕೆಳಗೆ ತೂಕ ಬರೆದಿಡತೊಡಗಿದ್ದೆ. ಒಂದು ಭಾನುವಾರ ಪೇಟೆಗೆ ಹೋಗಿ ಉಣ್ಣೆಯ ಟೋಪಿ ತಂದೆ. ಒಂಟಿತನ ಕಡಿಮೆಯಾಯಿತು ಎಂದರೆ ಸುಳ್ಳಾದೀತು. ಕಾಯುವುದಕ್ಕೆ ಏನಾದರೂ ಇದ್ದರೆ ಒಂಟಿತನ ಇನ್ನೂ ದೊಡ್ಡದಾಗುತ್ತದೆ. ನಾನು ಅದನ್ನು ಆಗ ತಿಳಿದೆ.

ಪುಣೆಗೆ ಹೊರಟ ದಿನ ಟೋಪಿ ಹಾಕಿಕೊಂಡ ಕೂಸನ್ನು ಮಹಾದೇವಿ ಕೊನೆಯ ಸಲ ನನ್ನ ಉಡಿಗೆ ಹಾಕಿದಳು. "ಮಾಲಕರು ನೀವು. ಒಯ್ಯಾಕ ಹೂಂ ಅನ್ರಿ" ಎಂದಳು. "ಹೂಂ" ಎಂದೆ. ಆಪರೇಷನ್ನಿನ ದಿನ ನಾನು ಕೋಡಿಂಗಿಗೆ ಕುಳಿತವಳು ಒಂದೇ ಫೈಲನ್ನು ಮಧ್ಯಾಹ್ನದವರೆಗೆ ಓದಿದೆ, ಯಾರದೋ ಕಾಲು ಮುರಿದದ್ದು. ಡಬ್ಬಿ ತೆರೆಯಲಿಲ್ಲ. ನಾಲ್ಕು ಗಂಟೆಗೆ ಮಹಾದೇವಿಯ ಗಂಡ ಶಿವಾನಂದ ಫೋನು ಮಾಡಿದ. ಮಾತು ಕಡಿಮೆಯ ಮನುಷ್ಯ. "ಬಾಯಾರ, ಹೊರಗ ತಂದಾರ್ರಿ. ಎರಡೂ ಮುಚ್ಯಾರ. ಉಸಿರಾಡಾಕತ್ತದ" ಎಂದ. ನಾನು ಕಪಾಟಿನ ಸಂದಿಗೆ ಹೋಗಿ, ಫೈಲುಗಳಿಗೆ ಮುಖ ಮಾಡಿ ಅತ್ತೆ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಅವರೆಲ್ಲ ಬಂದರು. ಮಹಾದೇವಿ, ಶಿವಾನಂದ, ಗೌರಾಬಾಯಿ. ಕೂಸಿನ ಕೆನ್ನೆ ತುಂಬಿತ್ತು. ಎದೆಯ ನಡುವೆ ಒಂದು ನೇರ ಗೆರೆ. ಡಾಕ್ಟರು ನೋಡಿ, ಇನ್ನು ಆರು ತಿಂಗಳು ಬರುವುದು ಬೇಡ ಎಂದರು. ಆಮೇಲೆ ಮೂವರೂ ನನ್ನ ನೆಲಮಾಳಿಗೆಗೆ ಇಳಿದು ಬಂದರು. ಗೌರಾಬಾಯಿಯ ಕೈಯಲ್ಲಿ ಒಂದು ಹೊಸ ಮೊರ, ಮೊರದಲ್ಲಿ ಬಿಳಿ ಜೋಳ, ಅದರ ಮೇಲೆ ಅರಿಷಿಣ ಕುಂಕುಮ.

ನನಗೆ ಆ ದಿನ ಬರುತ್ತದೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಕೂಸಿಗೆಂದು ಪುಟ್ಟ ಕಾಲ್ಚೀಲ ಕೊಂಡು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದೆ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಉಡಿಯಲ್ಲಿಟ್ಟು, ಗೌರಾಬಾಯಿ ಕೇಳಿದಳು: "ಬಾಯಾರ, ಈ ಜ್ವಾಳ ತಗೊಂಡು ನಿಮ್ಮ ಕೂಸು ಕೊಡ್ತೀರೇನ್ರಿ?"

ಕೂಸು ನನ್ನ ಕನ್ನಡಕದ ದಾರ ಹಿಡಿದು ಬಾಯಿಗೆ ಹಾಕಿಕೊಂಡಿತ್ತು.

"ಕೊಡ್ತೀರೇನ್ರಿ?" ಎರಡನೆಯ ಸಲ. ನಾನು ಆ ದಾರವನ್ನು ಕೂಸಿನ ಬಾಯಿಂದ ಬಿಡಿಸುತ್ತ ಕುಳಿತೆ. ಶಿವಾನಂದ ನಕ್ಕ, "ಬಾಯಾರು ಬೆಲಿ ಏರಸಾಕತ್ತಾರ" ಎಂದ. ಎಲ್ಲರೂ ನಕ್ಕರು. ಮಹಾದೇವಿ ಮಾತ್ರ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು, ಆ ಮೊದಲ ಶನಿವಾರ ನೆಲ ನೋಡುತ್ತಿದ್ದವಳು. ಅವಳಿಗೆ ಅರ್ಥವಾಗಿತ್ತು.

ಮೂರನೆಯ ಸಲ ಕೇಳಿದಾಗ "ಕೊಟ್ಟೀನಿ" ಎಂದೆ. ಕೂಸನ್ನು ಎತ್ತಿಕೊಂಡರು. ನನ್ನ ತೊಡೆ ಒಮ್ಮೆಲೇ ಹಗುರಾಯಿತು. ಹೆಸರೇನಿಡುತ್ತೀರಿ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು. "ಸಮೃದ್ಧಿ ಅಂತ್ರಿ, ಮೊಬೈಲದಾಗ ನೋಡಿ ಇಟ್ಟೀವಿ" ಎಂದ ಶಿವಾನಂದ. ಸಟವಿಗೆ ಅಷ್ಟು ಹೆದರಿದವರು ಹೆಸರನ್ನು ಮೊಬೈಲಿನಲ್ಲಿ ಹುಡುಕಿದ್ದು ಕೇಳಿ ನನಗೂ ನಗು ಬಂತು. ಹೊರಡುವಾಗ ಗೌರಾಬಾಯಿ ಹೇಳಿದಳು, ಇನ್ನು ಐದು ವರ್ಷ ತುಂಬುವವರೆಗೆ ಮಾರಿದವರು ಕೂಸನ್ನು ನೋಡಬಾರದು, ತಮ್ಮ ಮನೆತನದಲ್ಲಿ ಹಾಗೆ, ಬೇಜಾರು ಮಾಡಿಕೊಳ್ಳಬಾರದು ಎಂದು. ಮಹಾದೇವಿ ಮಾತ್ರ ಮೆಟ್ಟಿಲ ಹತ್ತಿರದಿಂದ ತಿರುಗಿ ಬಂದು, "ಜ್ವಾಳ ತಿಂದು ಮುಗಸ್ರಿ ಅಕ್ಕಾರ" ಎಂದಳು.

ಅಂದು ಸಂಜೆ ಫೈಲಿಗೆ ಹೊಸ ನಂಬರು ಹಾಕಿದೆ. ತೂತು ಮುಚ್ಚಿದ ಮೇಲೆ ಅದು ರೋಗವಲ್ಲ, ಹಳೆಯ ಮಾತು. ಅದಕ್ಕೆ ಬೇರೆ ನಂಬರು, ಝಡ್ ಎಂಬತ್ತೇಳು. ಪುಸ್ತಕದಲ್ಲಿ ಅದು ನನ್ನ ಝಡ್ ಅರವತ್ತರಿಂದ ಕೆಲವೇ ಪುಟ ಮುಂದೆ ಇದೆ.

ಜೋಳವನ್ನು ಚೀಲದಲ್ಲಿ ಕಟ್ಟಿಕೊಂಡು ಎಸ್.ಟಿ.ಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಬೇವಿನ ಎಲೆ ಇ‌ಟ್ಟು ಮುಚ್ಚಳ ಬಿಗಿದೆ. ಗಿರಣಿಗೆ ನಾಳೆ ಒಯ್ದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಪೇಟೆಯಿಂದ ಬೇರೆ ಜೋಳ ತಂದು ಬೀಸಿಸಿದೆನೇ ಹೊರತು ಆ ಡಬ್ಬಿ ಮುಟ್ಟಲಿಲ್ಲ. ಸಂಜೆ ಮನೆಗೆ ಬಂದು ಮುಚ್ಚಳ ತೆಗೆದು ಒಮ್ಮೆ ಕೈ ಆಡಿಸಿ ಮುಚ್ಚುತ್ತಿದ್ದೆ. ಜೋಳ ಇರುವಷ್ಟು ದಿನ ವ್ಯವಹಾರ ಮುಗಿದಿಲ್ಲ ಎಂದು ಮಹಾದೇವಿಯೇ ಹೇಳಿದ್ದಳಲ್ಲ. ನಂಬದವಳು ನಾನು, ಅದೊಂದನ್ನು ಮಾತ್ರ ನಂಬಿದೆ.

ಎಳ್ಳು ಅಮವಾಸ್ಯೆಯ ಮಾರನೆಯ ದಿನ, ರಜೆಯಲ್ಲಿ ಮನೆಯಲ್ಲಿದ್ದೆ. ಬೆಳಿಗ್ಗೆ ಮಹಾದೇವಿಯ ಫೋನು ಬಂತು.

"ಅಕ್ಕಾರ, ಎರಡು ದಿನ ಆತ್ರಿ, ಕೂಸಿಗೆ ಜ್ವರ. ಸುಡಾಕತ್ತದ. ಡಾಕ್ಟರಿಗೆ ತೋರಿಸೀವಿ, ಸಾದಾ ಜ್ವರ ಅಂತಾರ." ಆಮೇಲೆ ಕೇಳಿದಳು: "ಅಕ್ಕಾರ, ಜ್ವಾಳ ತಿಂದ್ರೇನ್ರಿ?"

"ಇಲ್ಲವ್ವ, ಡಬ್ಬಿಯಾಗ ಹಂಗ ಅದ" ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಚಳಿಗಾಲದಲ್ಲಿ ಕೂಸುಗಳಿಗೆ ಜ್ವರ ಬರುತ್ತದೆ. ಅದಕ್ಕೂ ನಂಬರಿದೆ, ಆ ಪುಸ್ತಕದಲ್ಲಿ ಅದಕ್ಕೂ ಜೋಳಕ್ಕೂ ಯಾವ ಸಂಬಂಧವನ್ನೂ ಯಾರೂ ಬರೆದಿಲ್ಲ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಡಬ್ಬಿ ಎತ್ತಿಕೊಂಡು, ಚಪ್ಪಲಿ ಮೆಟ್ಟಲು ಮರೆತು ಗಿರಣಿಗೆ ಓಡಿದೆ. ಮುಂದೆ ನಿಂತವರನ್ನು ಸರಿಸಿ "ಮೊದಲ ನಂದು ಹಾಕಪ್ಪ" ಎಂದೆ. ಬಿಸಿ ಹಿಟ್ಟು ಡಬ್ಬಿಗೆ ಇಳಿಯುವಾಗ ಆ ವಾಸನೆ ಬಂತು. ಮನೆಗೆ ಬಂದು ಒಲೆ ಹಚ್ಚಿ ತಟ್ಟಿದೆ, ಸುಟ್ಟೆ, ಚಟ್ನಿ ಮುಟ್ಟದೆ ತಿಂದೆ. ಮಧ್ಯಾಹ್ನ ತಿಂದೆ, ಸಂಜೆ ತಿಂದೆ. ಮಾರನೆಯ ದಿನ, ಅದರ ಮಾರನೆಯ ದಿನ. ಹಸಿವೆ ಇಲ್ಲದಿದ್ದರೂ ತಿಂದೆ. ನೆರೆಯವರಿಗೆ ಒಂದು ರೊಟ್ಟಿ ಕೊಡುವಂತಿಲ್ಲ, ದನಕ್ಕೆ ಹಾಕುವಂತಿಲ್ಲ. ನನ್ನ ಕೂಸಿನ ಬೆಲೆಯನ್ನು ನಾನೊಬ್ಬಳೇ ಒಲೆಯ ಮುಂದೆ ಕುಳಿತು ತಿಂದು ಮುಗಿಸಬೇಕಾಗಿತ್ತು.

ಎಂಟನೆಯ ದಿನ ಬೆಳಿಗ್ಗೆ ಡಬ್ಬಿಯ ತಳ ಕಂಡಿತು. ಕೊನೆಯ ಹಿಟ್ಟು ಒಂದು ರೊಟ್ಟಿಗೆ ಸಾಲಲಿಲ್ಲ, ಅಂಗೈಯಗಲ ಆಯಿತು. ಅದನ್ನು ನಿಧಾನವಾಗಿ ತಿಂದೆ. ಡಬ್ಬಿ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಫೋನು ಮಾಡಿದೆ.

"ಮಹಾದೇವಿ, ಮುಗೀತವ್ವ."

"ಎಲ್ಲಾ?"

"ಎಲ್ಲಾ."

ಜ್ವರ ಯಾವಾಗಲೋ ಬಿಟ್ಟಿತ್ತಂತೆ. ಹಿಂದಿನಿಂದ ಕೂಸಿನ ಕೇಕೆ ಕೇಳಿಸುತ್ತಿತ್ತು. ಮಹಾದೇವಿ ಫೋನು ಕೆಳಗಿಟ್ಟ ಸದ್ದಾಯಿತು, ಕಟ್ ಮಾಡುವುದನ್ನು ಮರೆತಿದ್ದಳು. ಬಳೆಗಳ ಸದ್ದು ದೂರ ಹೋಯಿತು. ಆಮೇಲೆ ಅವಳ ದನಿ ಕೇಳಿಸಿತು, ಇಡೀ ಆ ವರ್ಷದಲ್ಲಿ ಅವಳು ಒಮ್ಮೆಯೂ ಬಾಯಿ ಬಿಟ್ಟು ಆಡದ ಮಾತು:

"ಬಾರವ್ವ, ಬಾ, ನನ್ನ ಮಗಳ."

ಸ್ವಲ್ಪ ಹೊತ್ತು ಕೇಳಿಸಿಕೊಂಡೆ. ಆಮೇಲೆ ಈ ಕಡೆಯಿಂದ ನಾನೇ ಫೋನು ಇಟ್ಟೆ.